ಖಂಡೇಪೂಜೆಗೆ ಬಾರದ ಡಿಸ್ಕು

ಚಿಕ್ಕೋಡಿಯ ಬಸ್ ನಿಲ್ದಾಣದಿಂದ ಕೋರ್ಟಿನ ಕಡೆ ಹೋಗುವ ದಾರಿಯಲ್ಲಿ, ಒಂದು ಔಷಧಿ ಅಂಗಡಿಗೂ ಒಂದು ಬಳೆ ಅಂಗಡಿಗೂ ನಡುವೆ, ಎರಡು ಹೆಸರಿನ ಫಲಕ ಹೊತ್ತ ಅಂಗಡಿಯೊಂದಿದೆ. ಮೇಲಿನ ಸಾಲು: ಗುಲನಾಜ ಕಂಪ್ಯೂಟರ್ ಎಂಬ್ರಾಯ್ಡರಿ. ಕೆಳಗಿನ ಸಾಲು: ಸರಿತಾ ಬ್ಲೌಸ್ ಸೆಂಟರ್. ಫಲಕ ಬರೆದವನು ಮೇಲಿನ ಸಾಲಿಗೆ ದೊಡ್ಡ ಅಕ್ಷರ ಹಾಕಿದ್ದಾನೆಂದು ಸರಿತಾ ಹತ್ತು ವರ್ಷದಿಂದ ತಕರಾರು ತೆಗೆಯುತ್ತ ಬಂದಿದ್ದಾಳೆ.

"ಬ್ಲೌಸ್ ಹೊಲ್ಯಾಕಿ ಹೆಸರು ಬ್ಲೌಸಿನಷ್ಟ ಇರಬೇಕು ಬೇ. ಸೀರಿಯಷ್ಟ ಆದ್ರ ಯಾರು ಉಡ್ತಾರ?" ಎನ್ನುವುದು ಗುಲನಾಜಳ ಉತ್ತರ. ಈ ಮಾತು ಹಳೆಯದಾಗಿ ಸವೆದಿದೆ. ಆದರೂ ತಿಂಗಳಿಗೊಮ್ಮೆ ಇಬ್ಬರೂ ಅದನ್ನು ಆಡದೆ ಬಿಡುವುದಿಲ್ಲ.

ಗುಲನಾಜ ಪಟವೇಗಾರಳಿಗೆ ಈಗ ನಲವತ್ತರ ಹತ್ತಿರ. ಅವಳ ತಂದೆ ಮೈಬೂಬ ಕಾಗವಾಡದ ಕಡೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ಜರಿ ಕೆಲಸ ಮಾಡುತ್ತಿದ್ದ. ಹಿರಿಯರು ರೇಶಿಮೆ ದಾರದಲ್ಲಿ ಒಡವೆ ಪೋಣಿಸಿ ಕುಚ್ಚು ಕಟ್ಟುವವರು. ಕುಚ್ಚಿನ ಕಾಲ ಮುಗಿದ ಮೇಲೆ ಮೈಬೂಬ ಆರಿ ಎಂಬ ಕೊಕ್ಕೆಸೂಜಿ ಹಿಡಿದ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆಯನ್ನು ಹಲಗೆವಾದ್ಯದ ಚರ್ಮದಂತೆ ಬಿಗಿದು, ಮುಂದೆ ಕಾಲು ಮಡಚಿ ಕುಳಿತನೆಂದರೆ, ಏಳುತ್ತಿದ್ದುದು ನಮಾಜಿಗೆ ಮತ್ತು ಚಹಾಕ್ಕೆ ಮಾತ್ರ.

ಹೂವನ್ನು ಮೊದಲು ಬಟರ್ ಪೇಪರಿನ ಮೇಲೆ ಬರೆಯಬೇಕು. ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಬೇಕು. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಒರೆಸಿದರೆ, ಹೂವು ತೂತಿನೊಳಗಿಂದ ಇಳಿದು ಬಟ್ಟೆಗೆ ಬರುತ್ತದೆ. ತೂತಿನ ಆ ಕಾಗದಕ್ಕೆ ಖಾಕಾ ಎನ್ನುತ್ತಾರೆ. ಏಳು ವರ್ಷದ ಗುಲನಾಜಳಿಗೆ ತಂದೆ ಕೊಟ್ಟ ಮೊದಲ ಕೆಲಸ ತೂತು ಚುಚ್ಚುವುದು.

"ತೂತು ದೊಡ್ಡದಾತಂದ್ರ ಬಣ್ಣ ಸೋರತೈತಿ. ಸಣ್ಣದಾತಂದ್ರ ಬಾಯೇ ಬಿಡಂಗಿಲ್ಲ," ಎನ್ನುತ್ತಿದ್ದ. ಬೇರೆ ಪಾಠ ಅವನು ಹೇಳಿದ್ದು ಅವಳಿಗೆ ನೆನಪಿಲ್ಲ.

ಮೈಬೂಬ ನವಿಲು, ಮಾವಿನಕಾಯಿಗಳನ್ನು ಅಷ್ಟಾಗಿ ಬರೆಯುತ್ತಿರಲಿಲ್ಲ. ಕಾಗವಾಡದ ದ್ರಾಕ್ಷಿಯ ಎಳೆ ಬಳ್ಳಿ ತಂತಿಗೆ ಸುತ್ತಿಕೊಳ್ಳುವ ಬಗೆ, ಹೊಳೆಯ ಮಳಲಿನ ಮೇಲೆ ನೀರು ಬಿಟ್ಟುಹೋದ ಗೆರೆ, ನಿಪ್ಪಾಣಿಯ ತಂಬಾಕಿನ ಎಲೆಯ ನರ, ಇಂಥವು ಅವನ ಹೂಗಳು. ಅವನು ಅವುಗಳನ್ನು ನೋಡಿದ್ದು ಎಲ್ಲರೂ ಓಡಾಡುವ ದಾರಿಯಲ್ಲೇ. ಒಟ್ಟು ನೂರಾಹನ್ನೆರಡು ಖಾಕಾ. ಒಂದು ಹಳೆಯ ತಗಡಿನ ಟ್ರಂಕಿನಲ್ಲಿ ಸುರುಳಿ ಸುತ್ತಿ ಇಟ್ಟಿದ್ದ.

ಗುಲನಾಜ ಪಿಯುಸಿ ಮುಗಿಸಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಕಲಿತಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಸಾದಿಕನನ್ನು ಮದುವೆಯಾಗಿ ಚಿಕ್ಕೋಡಿಗೆ ಬಂದಳು. ಅಲ್ಲಿ ಪರಿಚಯವಾದ ಸರಿತಾ ಶಿಂಪಿಗರ ಮನೆಯ ಹುಡುಗಿ, ಕತ್ತರಿ ಹಿಡಿದೇ ಹುಟ್ಟಿದಂತಿದ್ದಳು. ಇಬ್ಬರೂ ಕೂಡಿ ಅಂಗಡಿ ಹಾಕಿದರು. ೨೦೧೩ರಲ್ಲಿ ಕಸೂತಿಯ ಯಂತ್ರ ಬಂತು. ಕಂಪ್ಯೂಟರಿನಲ್ಲಿ ಡಿಸೈನು ಬಿಡಿಸಿ, ಪೆನ್‌ಡ್ರೈವಿನಲ್ಲಿ ತುಂಬಿ, ಯಂತ್ರಕ್ಕೆ ಸಿಕ್ಕಿಸಿದರೆ ಅದು ತಾನೇ ಹೊಲಿಯುತ್ತ ಹೋಗುವುದು.

ತಂದೆ ಬಂದು ಯಂತ್ರದ ಮುಂದೆ ಒಂದು ತಾಸು ಕುಳಿತ. "ಚಲೋ ಮಾಡತೈತಿ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಉಸರ ತೊಗೋಳೂದಿಲ್ಲಲಾ ಇದು," ಎಂದ.

ಆಮೇಲೆ ನಾಲ್ಕು ವರ್ಷ ಅವನು ವಾರಕ್ಕೊಮ್ಮೆ ಒಂದು ಸುರುಳಿ ಖಾಕಾ ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಗುಲನಾಜ ಅದನ್ನು ನೋಡಿ ಕಂಪ್ಯೂಟರಿಗೆ ಇಳಿಸುವಳು. ಎಲ್ಲಿ ಸೂಜಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ಎಲ್ಲಿ ದಾರ ಸಡಿಲಬೇಕು ಎಂದು ಅವನು ಪಕ್ಕದಲ್ಲಿ ಬೆರಳು ಆಡಿಸಿ ತೋರಿಸುವನು. ನೂರಾಹನ್ನೆರಡೂ ಇಳಿದವು. ೨೦೧೮ರ ಬೇಸಿಗೆಯಲ್ಲಿ ಅವನು ತೀರಿಕೊಂಡ. ಮರುವರ್ಷದ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ನೀರಿಳಿದ ಮೇಲೆ ಟ್ರಂಕು ತೆರೆದರೆ, ಕಾಗದ ಇರಬೇಕಾದ ಜಾಗದಲ್ಲಿ ಕಲಸಿದ ಹಿಟ್ಟಿನಂಥದೊಂದು ಮುದ್ದೆ ಇತ್ತು.

ಗುಲನಾಜ ಅಳಲಿಲ್ಲ. ಹೂಗಳು ಕಂಪ್ಯೂಟರಿನಲ್ಲಿದ್ದವು. ಅಂದೇ ಒಂದು ಡಿಸ್ಕು ಕೊಂಡಳು, ಅಂಗೈಯಷ್ಟು ದೊಡ್ಡದು. ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಮನೆಯ ಕಪಾಟಿನ ತುತ್ತತುದಿಯಲ್ಲಿ, ಮದುವೆಯ ದುಪಟ್ಟಾದ ಕೆಳಗಿಟ್ಟಳು. ಕೃಷ್ಣೆ ಎಷ್ಟೇ ಏರಿದರೂ ಚಿಕ್ಕೋಡಿಯ ಆ ಕಪಾಟಿನವರೆಗೆ ಬರಲಾರಳು. ನೀರು ಕಲಿಸಿದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಆದರೆ ನೀರಿನ ಭಯವನ್ನಷ್ಟೇ ಕಲಿತಿದ್ದಳು.

ಅಂಗಡಿಯ ಉಳಿದ ಸಂಗತಿ ಹೀಗಿತ್ತು. ಕಂಪ್ಯೂಟರಿನ ಪಾಸ್‌ವರ್ಡಿನಲ್ಲಿ ಒಬ್ಬಳ ಹೆಸರು, ಇನ್ನೊಬ್ಬಳ ಶುಭದ ಅಂಕಿ: ಸರಿತಾ೭೮೬. ಮರೆಯಬಾರದೆಂದು ಅದನ್ನು ಕ್ಯಾಲೆಂಡರಿನ ಮೇಲೆ, ಗ್ಯಾಸ್ ಸಿಲಿಂಡರಿನ ನಂಬರಿನ ಪಕ್ಕದಲ್ಲಿ ಬರೆದಿದ್ದರು. ಬಳೆ ಅಂಗಡಿಯವನಿಗೂ ಗೊತ್ತಿತ್ತು. ಕಂಪ್ಯೂಟರು ಆಗಾಗ ಅಪ್‌ಡೇಟಿಗಾಗಿ "ಹೊಸದಾಗಿ ಮಾಡಿಕೊಳ್ಳಲೇ?" ಎಂದು ಕೇಳಿದರೆ, ಕೆಲಸ ನಿಲ್ಲುತ್ತದೆಂದು "ಆಮೇಲೆ" ಒತ್ತುತ್ತಿದ್ದರು. ಆ ಆಮೇಲೆ ಎರಡು ವರ್ಷವಾಗಿತ್ತು. ಗಿರಾಕಿ ಪೆನ್‌ಡ್ರೈವ್ ಚಾಚಿದರೆ ಬೇಡ ಅನ್ನುವಂತಿರಲಿಲ್ಲ. ಬಂದವರ ಕೈಯಿಂದ ಏನನ್ನೂ ತೆಗೆದುಕೊಳ್ಳದೆ ಕಳಿಸುವುದು ಈ ಕಡೆ ಮುಖದ ಮೇಲೆ ಬಾಗಿಲು ಹಾಕಿದಂತೆ.

ಅದು ೨೦೨೨ರ ದಸರೆ. ಖಂಡೇನವಮಿಯ ಹಿಂದಿನ ದಿನ, ದಾರ ಮತ್ತು ಜರಿ ಮಾರಲು ಊರೂರು ತಿರುಗುವ ವ್ಯಾಪಾರಿಯೊಬ್ಬ ಅಂಗಡಿಗೆ ಬಂದ. ಸರಿತಾ ಪೂಜೆಯ ಹೂವು ತರಲು ಹೋಗಿದ್ದಳು.

"ಹಬ್ಬದ ಭೇಟ ತೊಗೋರಿ ಬಾಯಾರ," ಎಂದು ಒಂದು ಪೆನ್‌ಡ್ರೈವ್ ಇಟ್ಟ. "ಐದು ಸಾವಿರ ಡಿಸೈನ್ ಅದಾವ. ಫುಕಟ್."

ಸಿಕ್ಕಿಸಿದ ಕೂಡಲೇ ಆಂಟಿವೈರಸ್ ಕೆಂಪಾಗಿ ಒದರಿತು. ಗುಲನಾಜ ಕೈ ಹಿಂದೆಗೆದಳು.

"ಅದು ಹಂಗ ಒದರತೈತ್ರಿ. ಹೊಸಾ ಡಿಸೈನಿನ ಗುರ್ತಾ ಇರೂದಿಲ್ಲ ಅದಕ್ಕ. ಐದು ಮಿನಿಟ ಬಂದ್ ಮಾಡ್ರಿ, ಆಮ್ಯಾಲ ಚಾಲೂ ಮಾಡಿದ್ರಾತು."

ಅವನು ಯಾರಿಗೋ ಸಿಕ್ಕಿದ್ದನ್ನು ಇನ್ನಾರಿಗೋ ದಾಟಿಸುವ ಸಾಮಾನ್ಯ ಮನುಷ್ಯ. ಅದರಲ್ಲಿ ಏನಿತ್ತೆಂದು ಅವನಿಗೂ ತಿಳಿದಿರಲಿಕ್ಕಿಲ್ಲ. ಗುಲನಾಜ ಆಂಟಿವೈರಸ್ಸನ್ನು ಬಂದ್ ಮಾಡಿದಳು. ಐದು ಸಾವಿರ ಡಿಸೈನಿನಲ್ಲಿ ಇಪ್ಪತ್ತು ನೋಡಿದಳು, ಎಲ್ಲವೂ ನವಿಲು. ಅಷ್ಟರಲ್ಲಿ ಗಿರಾಕಿ ಬಂದರು. ಮತ್ತೆ ಚಾಲೂ ಮಾಡುವುದು ಮರೆತುಹೋಯಿತು.

ಮರುದಿನ ಮುಂಜಾನೆ ಪೂಜೆ. ಖಂಡೇಪೂಜೆಯಲ್ಲಿ ದುಡಿಯುವ ಸಾಮಾನೆಲ್ಲ ಒಂದೆಡೆ ಕೂಡಬೇಕು. ಒಂದನ್ನು ಬಿಟ್ಟರೆ ಅದು ವರ್ಷವಿಡೀ ಮುನಿಯುತ್ತದೆಂದು ಸರಿತಾಳ ಮನೆಯವರ ನಂಬಿಕೆ. ಕತ್ತರಿ, ಟೇಪು, ಇಸ್ತ್ರಿ, ಸೂಜಿಡಬ್ಬಿ, ಎರಡು ಹೊಲಿಗೆಯಂತ್ರ, ಕಸೂತಿ ಯಂತ್ರ, ಕಂಪ್ಯೂಟರು, ಎಲ್ಲಕ್ಕೂ ಅರಿಸಿನ ಕುಂಕುಮ, ಚೆಂಡುಹೂವು. ಗುಲನಾಜ ಪೂಜೆ ಮಾಡುವವಳಲ್ಲ. ಆದರೆ ಹೂವು ಪೋಣಿಸಿ ಕೊಡುತ್ತಾಳೆ, ಪೇಢೆ ತರುತ್ತಾಳೆ. ಈದ್ ಹಬ್ಬದ ದಿನ ಸರಿತಾ ಶಾವಿಗೆಗೆ ಗೋಡಂಬಿ ಹುರಿಯುವ ಹಾಗೆ.

"ಡಿಸ್ಕ್ ಎಲ್ಲಿ ಅಕ್ಕಾ?" ಎಂದು ಸರಿತಾ ಕೇಳಿದಳು.

"ಮನ್ಯಾಗ."

"ಎಲ್ಲಾ ಬಂದಾವ, ಅದೊಂದ ಯಾಕ ಬಿಟ್ಟು ಬಂದಿ? ಅಬ್ಬಾನ ಕೈಕೆಲಸಾ ಎಲ್ಲಾ ಅದರಾಗ ಐತಿ. ಅದಕ್ಕ ಮೊದಲ ಹೂವು ಏರಿಸಬೇಕು."

ತಂದೆಯ ಹೆಸರು ಬಂದದ್ದಕ್ಕೆ ಗುಲನಾಜ ಮನೆಗೆ ಹೋಗಿ ಡಿಸ್ಕು ತಂದಳು. ಸರಿತಾ ಅದಕ್ಕೆ ಕುಂಕುಮದ ಬೊಟ್ಟಿಟ್ಟಳು. ಪೂಜೆಯಾದ ಮೇಲೆ ಪ್ರತಿ ಸಾಮಾನಿನಿಂದಲೂ ಒಂದಿಷ್ಟು ಕೆಲಸ ಮಾಡಿಸಬೇಕು. ಕತ್ತರಿ ಒಂದು ಚಿಂದಿ ಕತ್ತರಿಸಿತು, ಯಂತ್ರ ಒಂದು ಸಣ್ಣ ಹೂವು ಹಾಕಿತು. ಡಿಸ್ಕಿನದೂ ಕೆಲಸವಾಗಲೆಂದು ಸರಿತಾ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಇನ್ನೊಂದು ರೂಢಿ: ಸಮೆಯ ದೀಪ ಉರಿಯುವತನಕ ಯಾವುದನ್ನೂ ಬಂದ್ ಮಾಡಬಾರದು. ಎಣ್ಣೆ ಧಾರಾಳವಾಗಿ ಹಾಕಿದ್ದಳು. ದೀಪ ಸಂಜೆಯವರೆಗೆ ಉರಿಯಿತು.

ದಸರೆ ಕಳೆದು ಅಂಗಡಿ ತೆರೆದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ ನಿಂತಿತ್ತು. ನಿಮ್ಮ ಫೈಲುಗಳಿಗೆ ಕೀಲಿ ಹಾಕಿದ್ದೇವೆ, ಹಣ ಕಳಿಸಿದರೆ ಕೀಲಿಕೈ ಕೊಡುತ್ತೇವೆ ಎಂದು. ದ್ರಾಕ್ಷಿಬಳ್ಳಿ, ಹೊಳೆಗೆರೆ, ತಂಬಾಕಿನ ಎಲೆ, ಎಲ್ಲ ಹೆಸರುಗಳ ಹಿಂದೆಯೂ ಗುರುತಿಲ್ಲದ ಅಕ್ಷರಗಳ ಒಂದು ಬಾಲ. ಡಿಸ್ಕಿನಲ್ಲೂ ಅದೇ. ಅದರ ಮೇಲಿನ ಕುಂಕುಮ ಇನ್ನೂ ಹಸಿಯಿದ್ದಂತೆ ಕಾಣುತ್ತಿತ್ತು.

ಕಂಪ್ಯೂಟರ್ ರಿಪೇರಿಯ ಲಖನನನ್ನು ಕರೆಸಿದರು. ಅವನು ಮೊದಲು ಇಂಟರ್ನೆಟ್ಟಿನ ವಾಯರ್ ಕಿತ್ತ. ಆಮೇಲೆ ಫೈಲುಗಳನ್ನು ಒಂದೊಂದಾಗಿ ನೋಡಿದ. ಸರಿತಾ ಚಹಾ ಹೇಳಲು ಹೊರಗೆ ಹೋದಳು.

"ಆಂಟಿವೈರಸ್ ಯಾರು ಬಂದ್ ಮಾಡಿದ್ರಿ ಅಕ್ಕಾರ?"

ಗುಲನಾಜ ಪರದೆ ನೋಡುತ್ತಲೇ, "ಗೊತ್ತಿಲ್ಲ," ಎಂದಳು.

"ಕಾವಲಿನ ನಾಯಿನ್ನ ಕಟ್ಟಿಹಾಕಿ ಕಳ್ಳಗ ಬಾಗಲಾ ತಗದಂಗ ಆಗೈತ್ರಿ."

"ತಗ್ಯಾಕ ಬರತೈತಿಲ್ಲೋ?"

"ಕೀಲಿಕೈ ಅವರ ಕಡೆ ಐತಿ. ಹಣಾ ಕೊಟ್ರೂ ಕೊಡ್ತಾರಂತ ಖಾತ್ರಿ ಇಲ್ಲ. ನನ್ನ ಕೇಳಿದ್ರ ಕೊಡಬ್ಯಾಡ್ರಿ. ಪೊಲೀಸರಿಗೆ ಬರದು ಕೊಡ್ರಿ." ಅವನು ಡಿಸ್ಕನ್ನು ಎತ್ತಿ ತಿರುಗಿಸಿ ನೋಡಿದ. "ಇದೊಂದು ಮನ್ಯಾಗ ಇದ್ದಿದ್ರ ಏನೂ ಆಗತಿರಲಿಲ್ಲ. ಇದನ್ನ ಯಾಕ ತಂದ್ರಿ?"

ಚಹಾ ಹೇಳಿ ಬಂದ ಸರಿತಾ ಹೊಸ್ತಿಲಲ್ಲಿ ನಿಂತು ಈ ಕೊನೆಯ ಮಾತು ಕೇಳಿದಳು. ಆ ಮಾತು ಅವಳ ಒಳಗೆ ಇಳಿದು ಅಲ್ಲೇ ಕುಳಿತಿತು. ತಂದವಳು ಗುಲನಾಜ. ತರಿಸಿದವಳು ತಾನು.

ಪೊಲೀಸರಿಗೆ ಬರೆದು ಕೊಟ್ಟರು. ಹಣ ಕಳಿಸಲಿಲ್ಲ. ಕಸೂತಿ ಯಂತ್ರದ ಸ್ವಂತ ನೆನಪಿನಲ್ಲಿ ಇತ್ತೀಚೆಗೆ ಹಾಕಿದ ಕೆಲವು ಡಿಸೈನು ಉಳಿದಿದ್ದವು. ಅವುಗಳಲ್ಲಿ ತಂದೆಯವು ಒಂಬತ್ತು. ನೂರಾಮೂರು ಹೋದವು. ಅಂಗಡಿ ನಡೆಯುವುದಕ್ಕೆ ಅಡ್ಡಿಯಿರಲಿಲ್ಲ. ನವಿಲು ಎಲ್ಲಿ ಬೇಕಾದರೂ ಸಿಗುತ್ತದೆ. ಹೋದದ್ದು ತಂದೆಯ ಕೈ. ಭೂಮಿಯ ಮೇಲೆ ಅದು ಆ ಫೈಲುಗಳಲ್ಲಿ ಮಾತ್ರ ಉಳಿದಿತ್ತು.

ತಪ್ಪು ತನ್ನದೆಂದು ಸರಿತಾ ಐದು ಸೋಮವಾರ ಒಪ್ಪೊತ್ತು ಇರುವ ವ್ರತ ಹಿಡಿದಳು. ಮೊದಲ ಸೋಮವಾರ ಮಧ್ಯಾಹ್ನ ಗುಲನಾಜ ಒಬ್ಬಳೇ ರೊಟ್ಟಿ ಬುತ್ತಿ ಬಿಚ್ಚಿ ಉಂಡಳು. ಎದುರಿಗೆ ಸರಿತಾ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಗುಲನಾಜ ಏನೂ ಹೇಳಲಿಲ್ಲ. ಹೇಳುವುದು ಏನಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರುವಾರ ಮತ್ತೆ ಸೋಮವಾರ ಬಂತು. ಅವಳು ಬುತ್ತಿ ಬಿಚ್ಚಿದಳು, ಒಂದು ತುತ್ತು ಮುರಿದಳು, ಹಾಗೇ ಇಟ್ಟಳು.

"ಸರಿತಾ, ಊಟಾ ಮಾಡ ಬಾ."

"ಸೋಮವಾರ ಅಕ್ಕಾ."

"ತಪ್ಪು ನಿಂದಲ್ಲ. ಪೂಜಾದ್ದೂ ಅಲ್ಲ. ಹಿಂದಿನ ದಿನಾ ಜರಿಯಾಂವ ಬಂದಿದ್ದ. ಪೆನ್‌ಡ್ರೈವ್ ಕೊಟ್ಟ. ಆಂಟಿವೈರಸ್ ಬ್ಯಾಡ ಬ್ಯಾಡ ಅಂತ ಒದರಿತು. ನಾನ ಅದರ ಬಾಯಿ ಮುಚ್ಚಿಸಿದೆ."

ಸರಿತಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ರಸ್ತೆಯಲ್ಲಿ ಕೊಲ್ಹಾಪುರದ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

"ಲಖನ ಕೇಳಿದಾಗ ಗೊತ್ತಿಲ್ಲ ಅಂದೆ. ನಿನಗೂ ಹೇಳಲಿಲ್ಲ."

"ಹನ್ನೊಂದು ದಿನಾ," ಎಂದಳು ಸರಿತಾ.

"ಹೌದು."

ಸರಿತಾ ಎದ್ದು ಹೋಗಿ ಕೈ ತೊಳೆದು ಬಂದು, ಬುತ್ತಿಯ ಎದುರು ಕುಳಿತಳು. "ಹ್ವಾದ ಸೋಮವಾರದ ಊಟಾ ಯಾರು ಕೊಡ್ತಾರ?" ಎಂದಳು. ಎರಡು ತುತ್ತು ಉಂಡ ಮೇಲೆ, "ಡಿಸ್ಕ್ ಹಚ್ಚಿದಾಕಿ ನಾನ. ಪೂರ್ತಿ ನಿಂದಂತ ಹೊತ್ತುಕೊಂಡು ತಿರಗಬ್ಯಾಡ. ಅರ್ಧಾ ನಂದು. ಫಲಕದಾಗಂತೂ ಅರ್ಧಾ ಕೊಡಲಿಲ್ಲ, ಇದರಾಗರ ಕೊಡು."

ಆ ಮಧ್ಯಾಹ್ನವೇ, ಉಂಡ ಕೈ ಒರೆಸಿಕೊಳ್ಳುತ್ತ, ಅವಳು ಮಾಪಿನ ವಹಿಗಳನ್ನು ತೆಗೆದು ಹರವಿದಳು. ಹತ್ತು ವರ್ಷದ ಎಂಟು ದಪ್ಪ ನೋಟುಬುಕ್ಕು. ಯಾರ ಬ್ಲೌಸು, ಯಾವ ಊರು, ತೋಳೆಷ್ಟು, ಕೊರಳೆಷ್ಟು, ಬೆನ್ನಿಗೆ ಯಾವ ಡಿಸೈನು, ಫೋನ್ ನಂಬರು. ಪೆನ್ಸಿಲಿನಲ್ಲಿ ಬರೆದದ್ದು. ಅದಕ್ಕೆ ಯಾರೂ ಕೀಲಿ ಹಾಕಿರಲಿಲ್ಲ.

"ನಾವು ಹಾಕಿದ್ದೆಲ್ಲಾ ಎಲ್ಲಿ ಹೋತು ಅಕ್ಕಾ? ಮಂದಿ ಟ್ರಂಕಿನ್ಯಾಗ ಐತಿ. ನಿನ್ನ ಕಂಪ್ಯೂಟರಿನ್ಯಾಗಷ್ಟ ಇತ್ತಂತ ಯಾಕ ತಿಳಕೊಂಡಿ?"

ಹೀಗೆ ಅವರ ತಿರುಗಾಟ ಶುರುವಾಯಿತು. ಕೆಲವರು ಮದುವೆಯಲ್ಲಿ ತೆಗೆಸಿದ ಬೆನ್ನಿನ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರು. ಫೋಟೊ ಇಲ್ಲದವರ ಮನೆಗೆ ಭಾನುವಾರಗಳಲ್ಲಿ ಹೋದರು. ನಿಪ್ಪಾಣಿ, ಅಥಣಿ, ರಾಯಬಾಗ, ಕಾಗವಾಡ. ಹೆಂಗಸರು ಕಪಾಟು ತೆರೆದು, ಡಾಂಬರಗುಳಿಗೆಯ ವಾಸನೆಯ ಬ್ಲೌಸುಗಳನ್ನು ಹಾಸಿಗೆಯ ಮೇಲೆ ಹರಡುವರು. ಗುಲನಾಜ ಬಟರ್ ಪೇಪರ್ ಇಟ್ಟು ಪೆನ್ಸಿಲ್ ಉಜ್ಜುವಳು. ಜರಿ ಉಬ್ಬಿದಲ್ಲಿ ಹೂವು ಕಪ್ಪಾಗಿ ಏಳುವುದು.

ರಾಯಬಾಗದ ದುಂಡವ್ವ ಮಾತ್ರ ಬಾಗಿಲಲ್ಲೇ ತಡೆದಳು. "ಕೊಟ್ಟ ಬ್ಲೌಸ್ ತಿರಗಿ ಒಯ್ಯಾಕ ಬಂದೀರೇನ?"

"ಇಲ್ರಿ ಅವ್ವಾರ, ಹೂವು ನೋಡಾಕ ಬಂದೀವಿ."

"ಹೂವು ನೋಡಾಕ ಮಂದಿ ಬಾಗಿಗೆ ಹೋಗ್ತಾರ, ಟ್ರಂಕಿಗೆ ಬರ್ತಾರೇನ?" ಎನ್ನುತ್ತಲೇ ಅವಳು ಒಳಗೆ ಕರೆದು, ತನ್ನವೂ ಸೊಸೆಯಂದಿರವೂ ಸೇರಿ ಹದಿನಾಲ್ಕು ಬ್ಲೌಸು ತೆಗೆದಳು. ಅದರಲ್ಲಿ ತಂದೆಯವು ಮೂರು ಇದ್ದವು.

ಡಿಸೆಂಬರ್ ಮುಗಿಯುವ ಹೊತ್ತಿಗೆ, ಯಂತ್ರದಲ್ಲಿ ಉಳಿದ ಒಂಬತ್ತೂ ಸೇರಿ, ನೂರಾಹನ್ನೊಂದು ಸಿಕ್ಕವು. ಒಂದು ಉಳಿಯಿತು: ಸೂಲಂಗಿ. ಕಬ್ಬು ಬಲಿತ ಮೇಲೆ ನೆತ್ತಿಯಲ್ಲಿ ಬಿಡುವ ಬೆಳ್ಳನೆಯ ತುರಾಯಿಯ ಡಿಸೈನು ಅದು. ಅದು ಸರಿತಾಳ ವಹಿಯಲ್ಲಿರಲಿಲ್ಲ. ಅಂಗಡಿ ಹುಟ್ಟುವುದಕ್ಕೆ ಮೊದಲೇ ಮೈಬೂಬ ಅದನ್ನು ಶಿರಗುಪ್ಪಿಯ ಅಕ್ಕುತಾಯಿಯ ಮಗಳ ಮದುವೆಗೆಂದು ಕೈಯಿಂದ ಹಾಕಿದ್ದ. ಅಕ್ಕುತಾಯಿ ಕಬ್ಬು ಕಡಿಯಲು ಹೋಗುವ ಹೆಂಗಸು. ಜರಿ ಹಾಕಿಸಲು ಬಂದವಳು ಹೆಗಲ ಮೇಲೆ ಒಂದು ಸೂಲಂಗಿ ಹೊತ್ತೇ ಬಂದಿದ್ದಳಂತೆ. ಆಮೇಲೆ ಎಷ್ಟು ಜನ ಕೇಳಿದರೂ ಮೈಬೂಬ ಅದನ್ನು ಇನ್ನೊಬ್ಬರಿಗೆ ಹಾಕಲಿಲ್ಲ. "ಒಬ್ಬಾಕಿ ಹೆಸರಲೆ ಬರದದ್ದು ಒಬ್ಬಾಕಿಗೇ," ಎನ್ನುತ್ತಿದ್ದ. ಗುಲನಾಜಳೂ ಕಂಪ್ಯೂಟರಿಗೆ ಇಳಿಸಿ ಇಟ್ಟಿದ್ದಳೇ ಹೊರತು ಯಾವ ಬಟ್ಟೆಗೂ ಹಾಕಿರಲಿಲ್ಲ. ಹಾಗಾಗಿ ಲೋಕದಲ್ಲಿ ಅದರ ಪ್ರತಿ ಒಂದೇ.

ಎರಡು ಬಸ್ಸು ಬದಲಿಸಿ ಅವಳು ಒಬ್ಬಳೇ ಶಿರಗುಪ್ಪಿಗೆ ಹೋದಳು. ದಾರಿಯುದ್ದಕ್ಕೂ ಕಡಿಯದೆ ಉಳಿದ ಕಬ್ಬಿನ ಮೇಲೆ ಸೂಲಂಗಿ ಎದ್ದಿತ್ತು. ಬಸ್ಸು ಹೋದಾಗ ಎಲ್ಲವೂ ಒಂದೇ ಕಡೆ ಬಾಗಿ, ಮತ್ತೆ ನೆಟ್ಟಗಾಗುತ್ತಿದ್ದವು.

ಅಕ್ಕುತಾಯಿ ಬಾಗಿಲ ಮುಂದೆ ಬಿಸಿಲಿಗೆ ಕುಳಿತಿದ್ದಳು. ಮುದುಕಿಯಾಗಿದ್ದಳು, ಕಣ್ಣು ಮಾತ್ರ ಚುರುಕು.

"ಮೈಬೂಬಣ್ಣನ ಮಗಳಲ್ಲೇನ ನೀ? ಮಾರೀನ ಹೇಳತೈತಿ. ಬಾ, ಕೂಡು. ನಿಮ್ಮಪ್ಪಾ ಮಾತು ಕಡಿಮಿ ಆಡ್ತಿದ್ದ. ನೀ ಹೆಂಗೋ?"

ಗುಲನಾಜ ಬಂದ ಕಾರಣ ಹೇಳಿದಳು. ಅಕ್ಕುತಾಯಿ ಪೂರ್ತಿ ಕೇಳಿ ನಕ್ಕಳು.

"ಆ ಬ್ಲೌಸ್ ಎಲ್ಲಿ ಉಳದೈತಿ ತಾಯಿ! ಮಗಳು ಎರಡು ಹಡದ ಮ್ಯಾಲ ಆಕಿ ಮೊಣಕೈಗೂ ಹತ್ತಲಿಲ್ಲ. ಕತ್ತರಸಿ ಕೌದಿಗೆ ಹಚ್ಚಿದೆ."

ಗುಲನಾಜ ತಂದ ಬಟರ್ ಪೇಪರನ್ನು ಮತ್ತೆ ಸುರುಳಿ ಸುತ್ತತೊಡಗಿದಳು.

"ಕೂಸಿನ ಕೌದಿಗಲ್ಲ ಮತ್ತ. ಜರಿ ಚುಚ್ಚತೈತಿ ಅಂತ ನನ್ನ ಕೌದಿಗೇ ಹಚ್ಚಕೊಂಡೆ. ನನ್ನ ತೊಗಲಿಗೆ ಏನ ಚುಚ್ಚೀತು?"

ಕೌದಿ ಬಂತು. ಸೀರೆಯ ಚಿಂದಿ, ಅಂಗಿಯ ಚಿಂದಿಗಳ ನಡುವೆ, ಒಂದು ಮೂಲೆಯಲ್ಲಿ, ತೊಳೆದು ತೊಳೆದು ಬೂದಿಯಾದ ಹಸಿರು ಬಟ್ಟೆಯ ಮೇಲೆ ಸೂಲಂಗಿಯ ಎಡಮಗ್ಗಲು. ಜರಿ ಕಪ್ಪಾಗಿತ್ತು, ಆದರೆ ಹೊಲಿಗೆ ಬಿಟ್ಟಿರಲಿಲ್ಲ. ಬಲಮಗ್ಗಲು ಎಲ್ಲಿ ಎಂದು ಕೇಳಿದರೆ, ಅಕ್ಕುತಾಯಿ ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದು ತೋರಿಸಿದಳು. ಸಂಚಿಯ ಹೊರಬಟ್ಟೆಯೇ ಅದು.

"ಸಂಚಿ ಮಾತ್ರ ಕೊಡೂದಿಲ್ಲ. ಇಲ್ಲೇ ಕುಂತು ಬರಕೋ."

"ನಡುವಿನ ತುಕಡಿ?"

"ಕೊರಳಿನ ಹತ್ತೇಕದ್ದಲ್ಲಾ, ಹರದಿತ್ತು. ಒಲಿ ಒರಸಾಕ ಮಾಡಿದ್ದೆ. ಯಾವಾಗ ಹೋತೋ."

ಗುಲನಾಜ ಬಿಸಿಲಿನಲ್ಲಿ ಕೌದಿ ಹಾಸಿ, ಕಾಗದ ಇಟ್ಟು, ಪೆನ್ಸಿಲ್ ಉಜ್ಜಿದಳು. ಸಂಚಿಯ ಮೇಲೂ ಉಜ್ಜಿದಳು. ಒಳಗಿನ ಅಡಿಕೆಯ ಹೋಳುಗಳೂ ಹೂವಿನ ಜೊತೆಗೆ ಕಾಗದಕ್ಕೆ ಎದ್ದುಬಂದವು. ಅವುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಮತ್ತೆ ಉಜ್ಜಿದಳು. ಎಡಕ್ಕೂ ಬಲಕ್ಕೂ ಒಂದೇ ಹೂವಲ್ಲವೆಂದು ಆಗ ಕಂಡಿತು. ಕಂಪ್ಯೂಟರಿನಲ್ಲಿ ಒಂದು ಮಗ್ಗಲು ಬರೆದು ತಿರುವಿ ಹಾಕುತ್ತಾರೆ, ಅವಳೂ ಅಂದು ಹಾಗೇ ಇಳಿಸಿದ್ದಳು. ತಂದೆ ಎರಡನ್ನೂ ಬೇರೆಬೇರೆ ಬರೆದಿದ್ದ. ಬಲಗಡೆಯ ಎಳೆಗಳು ಸ್ವಲ್ಪ ಹೆಚ್ಚು ಬಾಗಿದ್ದವು, ಆ ಕಡೆಯಿಂದ ಗಾಳಿ ಬಂದ ಹಾಗೆ.

ನಡುವೆ ಒಂದು ಗೇಣಿನಷ್ಟು ಖಾಲಿ ಉಳಿಯಿತು.

ವಾಪಸು ಬರುವಾಗ ಅವಳು ಕಿಟಕಿಯ ಪಕ್ಕ ಕುಳಿತು ಹೊಲಗಳನ್ನೇ ನೋಡಿದಳು. ಅಂಗಡಿಗೆ ಬಂದು ಬಟರ್ ಪೇಪರ್ ಹಾಸಿ ಆ ಗೇಣಿನಷ್ಟನ್ನು ತಾನೇ ಬರೆದಳು. ನಾಲ್ಕು ಸಲ ಅಳಿಸಿದಳು. ಐದನೆಯದನ್ನು ಅಳಿಸಲಿಲ್ಲ. ತಂದೆಯ ಗೆರೆ ಎಲ್ಲಿ ಮುಗಿಯುತ್ತದೆ, ಅವಳದು ಎಲ್ಲಿ ಶುರುವಾಗುತ್ತದೆ ಎಂಬುದು ನೋಡಿದರೆ ತಿಳಿಯುತ್ತದೆ. ಅದನ್ನು ಮುಚ್ಚಲು ಅವಳು ಪ್ರಯತ್ನಿಸಲಿಲ್ಲ. ಗೆರೆಯುದ್ದಕ್ಕೂ ತೂತು ಚುಚ್ಚಿ ಎರಡು ಖಾಕಾ ಮಾಡಿದಳು. ಒಂದು ಮುಂದಿನ ತಿಂಗಳು ಅಕ್ಕುತಾಯಿಯ ಟ್ರಂಕಿಗೆ ಹೋಯಿತು.

ಲಖನ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಕಟ್ಟಿಕೊಟ್ಟ. ಸಾಫ್ಟ್‌ವೇರು ಈಗ ಕೊಂಡದ್ದು, ಮೊದಲಿನಂತೆ ಯಾರೋ ಕೊಟ್ಟ ನಕಲಲ್ಲ. ಹೊಸದಾಗಿ ಮಾಡಿಕೊಳ್ಳಲೇ ಎಂದು ಅದು ಕೇಳಿದರೆ, ಆಗಲೇ ಹೂಂ ಎಂದು ಚಹಾ ಕುಡಿಯಲು ಏಳುತ್ತಾರೆ. ಕ್ಯಾಲೆಂಡರಿನ ಮೇಲೆ ಸಿಲಿಂಡರಿನ ನಂಬರು ಮಾತ್ರ ಉಳಿದಿದೆ. ಪಾಸ್‌ವರ್ಡು ಈಗ ನಾಲ್ಕು ಡಿಸೈನುಗಳ ಹೆಸರನ್ನು ಕೂಡಿಸಿದ್ದು. ಯಾವ ನಾಲ್ಕು, ಯಾವ ಸರದಿಯಲ್ಲಿ ಎಂಬುದು ಇಬ್ಬರಿಗಷ್ಟೇ ಗೊತ್ತು. ಗುಲನಾಜಳ ಗಂಡ ಸಾದಿಕ ಕೇಳಿ ಕೇಳಿ ಸೋತಿದ್ದಾನೆ. ಬಾಗಿಲ ಹತ್ತಿರ ಇಂಟರ್ನೆಟ್ ಇಲ್ಲದ, ಯಾವುದಕ್ಕೂ ಜೋಡಿಸದ ಹಳೆಯ ಕಂಪ್ಯೂಟರೊಂದಿದೆ. ಅದಕ್ಕೆ ಪಡಸಾಲಿ ಎಂದು ಹೆಸರಿಟ್ಟಿದ್ದಾರೆ. ಗಿರಾಕಿ ಪೆನ್‌ಡ್ರೈವ್ ಚಾಚಿದರೆ ಬೇಡ ಅನ್ನುವುದಿಲ್ಲ.

"ಬರ್ರಿ, ಪಡಸಾಲ್ಯಾಗ ಕೂಡಸೋಣು," ಎನ್ನುತ್ತಾಳೆ ಸರಿತಾ. "ಬಂದವರು ಅಲ್ಲೇ ಕೂಡಬೇಕ್ರಿ. ಅಡಗಿಮನಿ ಮಟಾ ಯಾರ ಕರೀತಾರ?" ಅಲ್ಲಿ ಮೊದಲು ಆಂಟಿವೈರಸ್ ಏನನ್ನುತ್ತದೆಂದು ಕೇಳಿ, ಆಮೇಲೆ ಗಿರಾಕಿ ತಂದ ಡಿಸೈನಿನ ಫೋಟೊ ನೋಡುತ್ತಾರೆ. ಅದು ಒದರಿದರೆ ಗುಲನಾಜ ಪೆನ್‌ಡ್ರೈವ್ ತೆಗೆದು, ಗಿರಾಕಿಯ ಕೈಗೆ ಕೊಟ್ಟು, "ವಾಟ್ಸಾಪಿನ್ಯಾಗ ಫೋಟೊ ಅಷ್ಟ ಕಳಸ್ರಿ," ಎನ್ನುತ್ತಾಳೆ.

ಡಿಸ್ಕುಗಳು ಎರಡಾದವು. ಸಂತೆಯ ದಿನ ಒಂದು ಅಂಗಡಿಗೆ ಬಂದು, ಹೊಸದನ್ನು ತುಂಬಿಕೊಂಡು, ಕೂಡಲೇ ಮನೆಗೆ ಹೋಗುತ್ತದೆ. ಮರುವಾರ ಇನ್ನೊಂದರ ಸರದಿ. ಎರಡೂ ಒಂದೇ ಸೂರಿನ ಕೆಳಗೆ ಕೂಡುವುದಿಲ್ಲ. ಒಂದು ಗುಲನಾಜಳ ಕಪಾಟಿನಲ್ಲಿ, ಒಂದು ಸರಿತಾಳ ತವರಿನ ಅಕ್ಕಿಡಬ್ಬಿಯ ಮೇಲೆ.

ಮರುವರ್ಷ ಖಂಡೇನವಮಿ ಬಂತು. ಕತ್ತರಿ, ಟೇಪು, ಇಸ್ತ್ರಿ, ಸೂಜಿಡಬ್ಬಿ, ಯಂತ್ರಗಳು, ಪಡಸಾಲಿಯೂ ಸೇರಿ ಎರಡು ಕಂಪ್ಯೂಟರು. ಗುಲನಾಜ ಚೆಂಡುಹೂವು ಪೋಣಿಸಿ ಕೊಟ್ಟಳು. ಸರಿತಾ ಎಲ್ಲಕ್ಕೂ ಕುಂಕುಮ ಹಚ್ಚುತ್ತ ಬಂದು, ಕೊನೆಯಲ್ಲಿ ಕೈ ನಿಲ್ಲಿಸಿದಳು. ಡಿಸ್ಕು ಇಡುವ ಜಾಗ ಖಾಲಿಯಿತ್ತು. ಗುಲನಾಜ ಅವಳನ್ನು ನೋಡಿದಳು.

ಸರಿತಾ ಪೂಜೆಯ ತಟ್ಟೆಯಿಂದ ಎರಡು ಇಡೀ ಅಡಿಕೆ ತೆಗೆದು, ವೀಳ್ಯದೆಲೆಯ ಮೇಲೆ ಆ ಜಾಗದಲ್ಲಿಟ್ಟಳು. ಮನೆಯಲ್ಲಿ ಶುಭಕಾರ್ಯವಿದ್ದು ಯಜಮಾನ ಊರಲ್ಲಿ ಇಲ್ಲದಿದ್ದರೆ, ಅವನ ಬದಲಿಗೆ ಮಣೆಯ ಮೇಲೆ ಅಡಿಕೆ ಇಡುವುದುಂಟು. ಅಡಿಕೆಗೆ ಬೊಟ್ಟಿಟ್ಟು ಹೂವು ಏರಿಸಿದಳು.

"ಮುನಿಯೂದಿಲ್ಲೇನ ಅವು?" ಎಂದಳು ಗುಲನಾಜ.

"ಬಂದ್ರ ನಾ ಮುನಿತೀನಿ," ಎಂದು ಸರಿತಾ ದೀಪಕ್ಕೆ ಎಣ್ಣೆ ಹಾಕಿದಳು. ಒಂದು ಚಮಚೆ, ಅಷ್ಟೇ.